ಮೀನೆಣ್ಣೆ ಮೇಷ್ಟ್ರ ಲೆಕ್ಕ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಕಾರು ಕಲಿಯಲು ಬಂದವರು ಸ್ಟೀರಿಂಗ್ ಬಿಟ್ಟು ಓಡಿಹೋಗುವಂತಿಲ್ಲವಲ್ಲ. ಹಾಗಾಗಿ ಅವರು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟು, ಬಿಟ್ಟಿ ಉಪದೇಶ ಸುರಿಸುತ್ತಿದ್ದರು. ಮೊದಲು ಬೆನ್ನುನೋವಿನ ಬಗ್ಗೆ, ಆಮೇಲೆ ನಿದ್ದೆಯ ಬಗ್ಗೆ. ತಮ್ಮದೇ ಹೃದಯಕ್ಕೆ ತೊಂದರೆಯಾಗಿ ಡಾಕ್ಟರು ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟ ಮೇಲೆ, ಮೀನೆಣ್ಣೆಯ ಬಗ್ಗೆ.

ವಾಕಿಂಗಿನಲ್ಲಿ ಯಾರೋ ಮೀನೆಣ್ಣೆ ಎದೆಗೆ ಒಳ್ಳೆಯದು ಅಂದಿದ್ದೇ ಸಾಕಾಯಿತು. ಮೇಷ್ಟ್ರು ಅಂಗಡಿಯಲ್ಲಿದ್ದ ಮೀನೆಣ್ಣೆ ಗುಳಿಗೆಗಳ ದೊಡ್ಡ ಡಬ್ಬಿಯನ್ನೇ ಹೊತ್ತು ತಂದರು. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಗುಳಿಗೆಗೆ ಸಾವಿರ ಮಿಲಿಗ್ರಾಂ ಎಂದಿತ್ತು. ಹಿಂಭಾಗದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಅದರೊಳಗಿನ ಅಸಲು ಸತ್ವವಾದ ಒಮೆಗಾ ಬರೀ ಮುನ್ನೂರು ಎಂದಿತ್ತು. ಇಷ್ಟನ್ನು ಪುಣ್ಯಾತ್ಮರು ಸರಿಯಾಗಿಯೇ ಓದಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ನೋಡಿದ್ಯಾ ಮೋಸ!" ಎಂದು ಹೆಂಡತಿಯ ಮುಂದೆ ಡಬ್ಬಿ ಅಲ್ಲಾಡಿಸಿದರು. "ಸಾವಿರ ಅಂತ ಬರೆದು ಮುನ್ನೂರು ಕೊಡ್ತಾರೆ. ಒಂದಲ್ಲ, ದಿನಕ್ಕೆ ಆರು ನುಂಗಬೇಕು."

"ಮೂರಕ್ಕೇ ಹತ್ತಿರ ಹತ್ತಿರ ಸಾವಿರ ಆಯ್ತಲ್ರೀ. ಆರು ಯಾಕೆ?"

"ಇನ್ನೂ ಗಟ್ಟಿ ಆಗ್ಲಿ ಅಂತ."

"ಡಾಕ್ಟರನ್ನ ಒಂದ್ ಮಾತು ಕೇಳಬಾರ್ದಾ? ಅತಿಯಾದ್ರೆ ಅಮೃತಾನೂ ವಿಷ."

"ಅದು ಅಮೃತದ ಮಾತು ಕಣೆ. ಇದು ಎಣ್ಣೆ."

ಆಕೆ ಪಾತ್ರೆ ತೊಳೆಯಲು ಹೋದರು.

ತೇಗು ಶುರುವಾಯಿತು. ಕಿಟಕಿ ಮುಚ್ಚಿದ ಕಾರಿನಲ್ಲಿ ಮೇಷ್ಟ್ರು ತೇಗಿದರೆ ಸಂತೆಯ ಮೀನುಬುಟ್ಟಿ ಮಗುಚಿದಂತಾಗುತ್ತಿತ್ತು. ಕಲಿಯುವವರು ಗೇರು ಬದಲಿಸುವ ಮುನ್ನ ಕಿಟಕಿ ಇಳಿಸುವುದನ್ನು ಕಲಿತರು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಎದ್ದವು. "ಒಳಗಿನ ಕಶ್ಮಲ ಹೊರಗೆ ಬರ್ತಿದೆ," ಎಂದು ಹೆಮ್ಮೆಯಿಂದ ತೋಳು ಮಡಚಿ ತೋರಿಸಿದರು.

ಅವರ ಬಾಯಿಗೆ ಹೆಚ್ಚಾಗಿ ಸಿಕ್ಕುತ್ತಿದ್ದವರು ಹೊಲಿಗೆ ಅಂಗಡಿಯ ಅಕ್ಕ. ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದಿದ್ದರು. "ನಿಮ್ಮ ಕೈಗೆ ಸೂಜಿನೇ ಸರಿ ಬಿಡಿ," ಎಂದು ಮೇಷ್ಟ್ರು ಪ್ರತಿ ತಿರುವಿನಲ್ಲೂ ಚುಚ್ಚುತ್ತಿದ್ದರು. ಅಕ್ಕ ಹೆದರಿ ಇನ್ನಷ್ಟು ತಪ್ಪು ಮಾಡುತ್ತಿದ್ದರು.

ಒಂದು ಬೆಳಗ್ಗೆ, ವಾಹನಗಳು ಕಿಕ್ಕಿರಿದ ಸೇತುವೆಯ ಮೇಲೆ, ಮೀನೆಣ್ಣೆಯ ಮಹಿಮೆ ಹೇಳುತ್ತಿದ್ದ ಮೇಷ್ಟ್ರ ಮೂಗಿನಿಂದ ರಕ್ತ ಸುರಿಯತೊಡಗಿತು. ಕರವಸ್ತ್ರ ತೊಯ್ದು ಅಂಗಿಯ ಎದೆ ಕೆಂಪಾಯಿತು. ಅಕ್ಕ ಒಮ್ಮೆ ನೋಡಿದರು, ಹಾರನ್ನಿನ ಮೇಲೆ ಕೈಯೂರಿದರು, ಆಸ್ಪತ್ರೆಯ ದಾರಿ ಹಿಡಿದರು.

"ಕ್ಲಚ್... ಕ್ಲಚ್ ಒತ್ತಿ! ಎಡಕ್ಕೆ ನೋಡ್ಕೊಳ್ಳಿ!" ರಕ್ತದ ನಡುವೆಯೂ ಪಾಠ ನಿಂತಿರಲಿಲ್ಲ.

"ಬಾಯ್ ಮುಚ್ಕೊಂಡು ಮೂಗು ಹಿಡ್ಕೊಳ್ಳಿ ಮೇಷ್ಟ್ರೇ!" ಎಂದು ಅಕ್ಕ ಗದರಿದರು.

ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರ ಮಾತು ಕೇಳಿದರು. ಕಾರು ಎಲ್ಲೂ ತಾಗದೆ, ಎಲ್ಲೂ ನಿಂತುಹೋಗದೆ ಆಸ್ಪತ್ರೆಯ ಬಾಗಿಲು ತಲುಪಿತು.

ರಕ್ತ ನಿಲ್ಲಿಸಿ, ಮೇಷ್ಟ್ರು ದಿನಾ ನುಂಗುವುದನ್ನೆಲ್ಲ ವಿಚಾರಿಸಿಕೊಂಡ ಮೇಲೆ ಡಾಕ್ಟರು ಕೇಳಿದರು: "ಈ ಮಾತ್ರೆ ಜೊತೆ ದಿನಕ್ಕೆ ಆರು ಮೀನೆಣ್ಣೆ ಗುಳಿಗೆ ತಗೊಳ್ಳೋಕೆ ಯಾರು ಹೇಳಿದ್ರು?"

"ನಾನೇ ಲೆಕ್ಕ ಹಾಕಿದೆ ಸಾರ್. ಒಂದರಲ್ಲಿ ಬರೀ ಮುನ್ನೂರು..."

"ಮುನ್ನೂರು ಸರಿ. ಅದು ಯಾರ ಹೊಟ್ಟೆಗೆ, ಯಾವ ಮಾತ್ರೆ ಮೇಲೆ ಬೀಳ್ತಿದೆ ಅನ್ನೋದನ್ನ ಬಿಟ್ರಿ. ರಕ್ತ ಮೊದಲೇ ತೆಳುವಾಗಿದೆ. ಅದರ ಮೇಲೆ ಇಷ್ಟು ಸುರಿದ್ರೆ ಅಪಾಯ ಹೆಚ್ಚಬಹುದು. ನಿಮಗೆ ಇದು ಬೇಕೋ ಬೇಡ್ವೋ, ಬೇಕಿದ್ರೆ ಎಷ್ಟು ಅಂತ ಪರೀಕ್ಷೆ ಮಾಡಿ ನಾನು ಹೇಳ್ತೀನಿ. ಅಲ್ಲೀವರೆಗೆ ಒಂದೂ ಬೇಡ."

ಪರೀಕ್ಷೆಯಾಯಿತು. ಬೇಡವೆಂದೇ ತೀರ್ಮಾನವಾಯಿತು. ತೇಗು ನಿಂತಿತು, ಕಲೆಗಳು ಮಾಸಿದವು. ನಾಚಿಕೆ ಎಂಬುದು ಮಾತ್ರ ಮೇಷ್ಟ್ರ ಹತ್ತಿರ ಸುಳಿಯಲಿಲ್ಲ. "ಮುನ್ನೂರು ಅನ್ನೋ ನನ್ನ ಲೆಕ್ಕ ಸರಿ ಅಂತ ಡಾಕ್ಟರೇ ಒಪ್ಕೊಂಡ್ರು," ಎಂದು ಸಿಕ್ಕವರಿಗೆಲ್ಲ ಸಾರಿದರು. ಅಕ್ಕನಿಗೆ ಲೈಸೆನ್ಸ್ ಸಿಕ್ಕಾಗ, ಸಂಕಟದಲ್ಲಿ ಗಾಡಿ ಓಡಿಸುವ ವಿಶೇಷ ಪಾಠವನ್ನು ತಾವೇ ಕೊಟ್ಟದ್ದು ಎಂದೂ ಸೇರಿಸಿದರು. ಅಕ್ಕ ನಕ್ಕು ಕಾರು ಹತ್ತಿ ಹೋದರು.

ಮಿಕ್ಕ ಗುಳಿಗೆಗಳನ್ನು ಹೆಂಡತಿ ಕತ್ತರಿಸಿ, ಕಿರುಗುಡುತ್ತಿದ್ದ ಗೇಟಿನ ಕೀಲುಗಳಿಗೆ ಹಿಂಡಿದರು. ಈಗ ಬೀದಿಯ ಬೆಕ್ಕುಗಳೆಲ್ಲ ಅದನ್ನು ನೆಕ್ಕಲು ಬರುತ್ತವೆ, ಮೇಷ್ಟ್ರು ಕೋಲು ಹಿಡಿದು ಓಡಿಸುತ್ತಾರೆ.