ಊಟದ ಹೊತ್ತಿಗೆ ಕಡಲಿಗಿಳಿದ ಲಾವಾ

ಕಳೆದ ತಿಂಗಳು ಪೀಣ್ಯದ ನಮ್ಮ ಫೌಂಡ್ರಿಯಲ್ಲಿ ಊಟಕ್ಕೆ ಕೂತಿದ್ದಾಗ ಗೆಳೆಯ ತನ್ನ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿಟ್ಟ. ಅವನಿಗೆ ಎಡಗಣ್ಣಿಲ್ಲ. ಅದಕ್ಕೇ ಬೇಕಾದವರನ್ನೆಲ್ಲ ಬಲಗಡೆ ಕೂರಿಸಿಕೊಳ್ಳುತ್ತಾನೆ. "ಈ ಕಡೆ ಬಾ ಗುರು, ಮುಖ ಕಾಣ್ಬೇಕು" ಅನ್ನುತ್ತಾನೆ. ಎಂಟು ವರ್ಷದಿಂದ ಆ ಬಲಗಡೆಯ ಜಾಗ ನನ್ನದು.

ಮೊಬೈಲಿನಲ್ಲಿ ಯಾವುದೋ ದೂರದ ದ್ವೀಪ. ಜ್ವಾಲಾಮುಖಿಯ ಲಾವಾ ಬಂಡೆ ದಾಟಿ ಕಡಲಿಗೆ ಇಳಿಯುತ್ತಿತ್ತು. ಯಾರೋ ಅಲ್ಲೇ ನಿಂತು ನೇರವಾಗಿ ತೋರಿಸುತ್ತಿದ್ದರು. ಬೇರೆಯವರಿಗೆ ಅದು ಬೆರಗಿನ ನೋಟ ಇರಬಹುದು, ನಮಗೆ ದಿನನಿತ್ಯದ ಕೆಲಸ. ಕರಗಿದ ಕಬ್ಬಿಣದ ಮೇಲೆ ಕಟ್ಟುವ ಹಾಗೆಯೇ ಕಪ್ಪು ಕಿಟ್ಟ, ಬಿರುಕಿನಲ್ಲಿ ಒಸರುವ ಕೆಂಪು. ಅಂಚಿನಲ್ಲಿ ದಪ್ಪಗೆ ಜೋತುಬಿದ್ದದ್ದು ನೀರಿಗೆ ಬಿದ್ದೊಡನೆ ಬಿಳಿ ಹಬೆ ಎದ್ದು, ಅದರೊಳಗಿಂದ ಚೂರುಗಳು ಸಿಡಿಯುತ್ತಿದ್ದವು. ಒಂದೊಂದು ಸಿಡಿತಕ್ಕೂ ಕಾಲನ್ನು ಬೆಂಚಿನಡಿಗೆ ಎಳೆದುಕೊಳ್ಳುತ್ತಿದ್ದೆ.

"ಆಫ್ ಮಾಡೋ" ಅಂದೆ.

"ಇರು ಗುರು. ಅಲ್ಲಿ ಸಮುದ್ರಾನೇ ಇದ್ರೂ ಅಷ್ಟೇ ಸಿಡೀತಿರೋದು. ನಂಗೆ ಒಂಚೂರು ತೇವಕ್ಕೆ ಕಣ್ಣೇ ಹೋಯ್ತು. ಅವತ್ತು ಪಾತ್ರೆ ಸರಿಯಾಗಿ ಕಾಯ್ಸಿದ್ರೆ ಆಗ್ತಾನೇ ಇರ್ಲಿಲ್ಲ. ಸೋಂಬೇರಿ ಕಣೋ ನಾನು."

ಈ ಮಾತನ್ನು ಅವನು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಾನೆ, ಮುಚ್ಚಿದ ರೆಪ್ಪೆ ತೋರಿಸಿ. ಪ್ರತಿ ಸಲವೂ ಕೇಳಿಸಿಕೊಂಡು ಸುಮ್ಮನಿದ್ದೆ. ನಿಜ ಏನೆಂದು ಗೊತ್ತಿದ್ದವನು ನಾನೊಬ್ಬನೇ.

ಎಂಟು ವರ್ಷದ ಹಿಂದಿನ ಆಯುಧಪೂಜೆ ಅದು. ಫರ್ನೇಸ್ ಆರಿಸಿ, ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು ಏರಿಸಿದ್ದೆವು. ಕರಗಿದ ಕಬ್ಬಿಣ ಹೊತ್ತು ಅಚ್ಚಿಗೆ ಸುರಿಯುವ ದೊಡ್ಡ ಉಕ್ಕಿನ ಪಾತ್ರೆಗೆ ಲ್ಯಾಡಲ್ ಅನ್ನುತ್ತೇವೆ. ಅದರ ಒಳಗೆ ಬೆಂಕಿ ತಡೆಯುವ ಮಣ್ಣು ಮೆತ್ತಿರುತ್ತದೆ. ಪೂಜೆಗೆ ಹೊರಗಷ್ಟೇ ಒರೆಸುವುದು ರೂಢಿ. ಒಳಗೆ ಹನಿ ನೀರೂ ಸೋಕಬಾರದು. ನಾನೋ ಮನೆಯಲ್ಲಿ ಪೂಜೆಯಾಗದೆ ಕಾಫಿ ಮುಟ್ಟದವನು, ತೊಳೆದದ್ದನ್ನೇ ತೊಳೆಯುವ ಜಾತಿ. ಮಸಿ ಹಿಡಿದ ಪಾತ್ರೆಯನ್ನು ದೇವರ ಮುಂದಿಡಲು ಮನಸ್ಸಾಗದೆ, ಯಾರೂ ಇಲ್ಲದಾಗ ಒಳಗೂ ಎರಡು ಬಕೆಟ್ ನೀರು ಸುರಿದು ಉಜ್ಜಿದೆ. ಬಟ್ಟೆಯಲ್ಲಿ ಒರೆಸಿ, ಒಣಗಿತು ಅಂದುಕೊಂಡೆ. ಅತಿಯಾದರೆ ಅಮೃತವೂ ವಿಷ ಅನ್ನುವುದು ಸುಮ್ಮನೆ ಅಲ್ಲ.

ಮಣ್ಣು ನೀರು ಕುಡಿದಿತ್ತು. ಹಬ್ಬ ಮುಗಿದ ಮೇಲೆ ಕೆಲಸ ಶುರುವಾದಾಗ ಗೆಳೆಯ ಲ್ಯಾಡಲ್ಲನ್ನು ತೇವ ಆರಲೆಂದು ದಿನಾ ಕಾಯಿಸುವಷ್ಟೇ ಕಾಯಿಸಿದ. ಒಣಗಿದ ಲ್ಯಾಡಲ್ಲಿಗೆ ಅಷ್ಟು ಸಾಕು. ಕಬ್ಬಿಣ ಬಿದ್ದೊಡನೆ ಸಿಡಿಯಿತು. ಬೆವರು ಒರೆಸಲು ಅವನು ಕನ್ನಡಕ ಮೇಲೆತ್ತಿದ್ದ ಗಳಿಗೆ ಅದು.

ದೃಷ್ಟಿ ತಾಗಿತು ಎಂದು ಎಲ್ಲರೂ ಸೇರಿ ಇನ್ನೊಂದು ಬೂದುಗುಂಬಳ ಒಡೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯವಿತ್ತು. ಆಮೇಲೆ ಇವನ ಗೆಳೆತನವೇ ಹೋಗುತ್ತದೆ ಎಂಬ ಭಯ. ಆ ಭಯ ಹೆಚ್ಚಿನದು.

ಮೊಬೈಲಿನಲ್ಲಿ ಮತ್ತೊಂದು ಕೆಂಪು ಮುದ್ದೆ ಕಡಲಿಗೆ ಬಿತ್ತು.

"ಅವತ್ತು ನಾನು ಲ್ಯಾಡಲ್ ಒಳಗೆ ತೊಳೆದಿದ್ದೆ ಕಣೋ. ಪೂಜೆಗೆ. ನೀನು ಕಾಯ್ಸಿದ್ದು ಸರಿಯಾಗೇ ಇತ್ತು."

ಅವನು ಕತ್ತು ತಿರುಗಿಸಿ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದ. "ಒಳಗಾ?"

"ಹ್ಞೂಂ."

ಕೈಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ. ದನಿ ಏರಿಸದೆ, "ಎಂಟು ವರ್ಷ ನನ್ನ ಪಕ್ಕದಲ್ಲೇ ಕೂತು ಉಂಡ್ಯಲ್ಲೋ" ಅಂದ. ಡಬ್ಬಿ ಮುಚ್ಚಿಕೊಂಡು ಎದ್ದುಹೋದ. ಮೊಬೈಲ್ ಅಲ್ಲೇ ಮರೆತಿದ್ದ. ಅದನ್ನು ಕೊಡಲು ಹೋಗುವ ಧೈರ್ಯವೂ ನನಗಾಗದೆ, ಬೇರೊಬ್ಬರ ಕೈಲಿ ಕಳಿಸಿದೆ.

ರಾತ್ರಿಯಿಡೀ ದಾಸರಹಳ್ಳಿಯ ಮನೆಯಲ್ಲಿ ಮಗ್ಗುಲು ಬದಲಿಸಿದೆ. ಮಾರನೆಯ ದಿನ ಊಟಕ್ಕೆ ಬಂದಾಗ ಬೆಂಚಿನ ಮೇಲೆ ಅವನ ಬಲಗಡೆ ಅವನ ಹೆಲ್ಮೆಟ್ ಇತ್ತು. ನಾನು ನಿಂತದ್ದು ಗೊತ್ತಾದರೂ ಅವನು ಅದನ್ನು ತೆಗೆಯಲಿಲ್ಲ.

"ಆ ಕಡೆ ಕೂತ್ಕೋ" ಅಂದ.

ಎಡಗಡೆ ಹೋಗಿ ಕೂತೆ. ಅವನು ಉಣ್ಣುವುದು ನನಗೆ ಕಾಣುತ್ತಿತ್ತು. ನಾನು ಡಬ್ಬಿಯನ್ನೇ ತೆರೆದಿಲ್ಲ ಎಂಬುದು ಅವನಿಗೆ ಕಾಣಲಿಲ್ಲ.