ಯುದ್ಧಯಂತ್ರಕ್ಕೆ ಗಂಟಲು ಹುಡುಕಿದ ದೇಯಿ

“ಮಹಾಬಲಣ್ಣ, ಒಂದು ನಿಮಿಷ ಬಾಯಿ ಮುಚ್ಚಿ ಮಾರಾಯ್ರೆ. ಒಂದೇ ಒಂದು ನಿಮಿಷ.”

ಬೆಳಗ್ಗೆ ಐದೂ ಮುಕ್ಕಾಲು. ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬೋಟುಗಳು ಒಂದನ್ನೊಂದು ಒತ್ತಿಕೊಂಡು ನಿಂತಿವೆ. ಐಸ್ ಪುಡಿ ಮಾಡುವ ಯಂತ್ರದ ಪಕ್ಕದಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದಾಳೆ ದೇಯಿ. ಕೈಯಲ್ಲಿ ಬಿದಿರಿನ ಕೋಲು. ಕೋಲಿನ ತುದಿಗೆ ಕಟ್ಟಿದ ಮೈಕಿಗೆ ಗಾಳಿ ತಾಗದ ಹಾಗೆ ಮಗಳು ಚಿಕ್ಕವಳಿದ್ದಾಗಿನ ಉಣ್ಣೆ ಟೊಪ್ಪಿ ತೊಡಿಸಿದ್ದಾಳೆ.

ಮಹಾಬಲ ತಲೆ ಅಲ್ಲಾಡಿಸುತ್ತಾನೆ. ತುಟಿ ಬಿಗಿಹಿಡಿದು, ಹಲಗೆಯ ಮೇಲೆ ಐಸಿನ ಗಡ್ಡೆಯನ್ನು ದೂಡುತ್ತಾನೆ. ಗಡ್ಡೆ ಜಾರುತ್ತದೆ, ಯಂತ್ರದ ಹಲ್ಲು ಅದನ್ನು ಕಚ್ಚಬೇಕು, ಅಷ್ಟರಲ್ಲಿ ಅವನ ಹೊಟ್ಟೆಯ ಆಳದಿಂದ ಹೊರಟೇ ಬಿಡುತ್ತದೆ: “ಓ...ಯ್!”

ದೇಯಿ ಹೆಡ್‌ಫೋನ್ ಕಿತ್ತು ಕುತ್ತಿಗೆಗೆ ಹಾಕಿಕೊಳ್ಳುತ್ತಾಳೆ. “ಮತ್ತೆ ಬೊಬ್ಬೆ!”

“ನಾನಲ್ಲ ಅಕ್ಕ, ಬಾಯಿ,” ಎನ್ನುತ್ತಾನೆ ಅರವತ್ತರ ಮಹಾಬಲ, ತಪ್ಪು ಮಾಡಿದ ಮಗುವಿನ ಮುಖ ಮಾಡಿ. “ಹನ್ನೊಂದು ವರ್ಷದ ಅಭ್ಯಾಸ. ನೀವು ಇವತ್ತು ಬಂದು ಬಿಡು ಅಂದ್ರೆ ಅದು ಬಿಡ್ತದಾ?”

ಹನ್ನೊಂದು ವರ್ಷದ ಹಿಂದೆ ಇದೇ ಯಂತ್ರ ಮೀನು ಮಾರುವ ಹೆಂಗಸೊಬ್ಬಳ ಮೂರು ಬೆರಳು ತಿಂದಿತ್ತು. ಸಿಕ್ಕಿಕೊಂಡ ಐಸನ್ನು ತೆಗೆಯಲು ಅವಳು ಒಳಗೆ ಕೈ ಹಾಕಿದ್ದು ದೂಡುವವನಿಗೆ ಕಂಡಿರಲಿಲ್ಲ. ಅಂದಿನಿಂದ ಮಹಾಬಲ ಪ್ರತಿ ಗಡ್ಡೆಗೂ ಕೂಗುತ್ತಾನೆ. ಕೂಗಿದಾಗ ಕೆಳಗೆ ಬುಟ್ಟಿ ಹಿಡಿದು ಕೂತ ಹೆಂಗಸರು ಮಾತು ನಿಲ್ಲಿಸದೆ, ತಿರುಗಿಯೂ ನೋಡದೆ, ಕೈ ಹಿಂದೆ ತೆಗೆಯುತ್ತಾರೆ.

ಇದೆಲ್ಲ ದೇಯಿಗೆ ಗೊತ್ತು. ಆದರೆ ಅವಳ ಕಸುಬಿನಲ್ಲಿ ಮನುಷ್ಯನ ದನಿ ಸೇರಿದ ಶಬ್ದ ಕೆಟ್ಟ ಶಬ್ದ.

ನಲವತ್ತೆಂಟರ ದೇಯಿ ಸಿನಿಮಾಗಳಿಗೆ ಶಬ್ದ ಮಾಡುತ್ತಾಳೆ. ಕೊಡಿಯಾಲ್‌ಬೈಲಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಡೆನಿಸ್ ಎಂಬವರ ಪುಟ್ಟ ಸ್ಟುಡಿಯೋ ಉಂಟು. ಹದಿನೇಳು ವರ್ಷದ ಹಿಂದೆ ಅಲ್ಲಿ ಕಸ ಗುಡಿಸಲು ಸೇರಿದವಳು, ಒಂದು ದಿನ ನಾಯಕಿಯ ಹೆಜ್ಜೆ ಸದ್ದಿಗೆ ಮೂವರು ಗಂಡಸರು ಒದ್ದಾಡುವುದನ್ನು ನೋಡಲಾಗದೆ, ಪೊರಕೆ ಗೋಡೆಗೆ ಒರಗಿಸಿ, ತಾನೇ ನಡೆದು ತೋರಿಸಿದಳು. ಅಂದಿನಿಂದ ಕರಾವಳಿಯ ಸಿನಿಮಾಗಳಲ್ಲಿ ಎಷ್ಟೋ ನಾಯಕಿಯರು ದೇಯಿಯ ಪಾದದಲ್ಲಿ ನಡೆದಿದ್ದಾರೆ. ಎಲುಬು ಮುರಿಯಲು ಬಸಳೆಯ ದಂಟು, ಕೆಸರಿಗೆ ನೆನೆಸಿದ ಅವಲಕ್ಕಿ, ಕಪಾಳಕ್ಕೆ ಬಿದ್ದ ಏಟಿಗೆ ಮೈ ಒರೆಸುವ ಒದ್ದೆ ಬೈರಾಸು. ಎರಡು ಗಂಟೆಯ ಸಿನಿಮಾಕ್ಕೆ ಸಾವಿರದ ಇನ್ನೂರು ಹೆಜ್ಜೆ, ಇನ್ನೂರು ಬಾಗಿಲು. ಮೇಲಿನ ರಸ್ತೆಯಲ್ಲಿ ವಾಹನ ಜೋರಾಗುವ ಮೊದಲೇ ಮುಗಿಸಬೇಕೆಂದು ಉಳ್ಳಾಲದ ಮನೆಯಿಂದ ಮೊದಲ ಬಸ್ಸಿಗೆ ಹೊರಡುತ್ತಾಳೆ.

ಮಗಳು ಪ್ರಾಪ್ತಿ ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ‘ಗೃಹಿಣಿ’ ಎಂದು ಬರೆದಿದ್ದಾಳೆ. “ಶಬ್ದ ಮಾಡುವುದು ಅಂತ ಬರೀಲಿಕ್ಕೆ ಆಗ್ತದಾ ಅಮ್ಮ?” ಎಂದು ಅವಳು ಕೇಳಿದಾಗ ದೇಯಿ ಕುಕ್ಕರಿನ ಮುಚ್ಚಳವನ್ನು ಬೇಕೆಂದೇ ದೊಡ್ಡ ಸದ್ದಿನಲ್ಲಿ ಇಟ್ಟಳು. ಅಷ್ಟೇ ಉತ್ತರ.

ಈಗಿನ ಕಾಟ ಅನ್ಯಗ್ರಹದ್ದು. ದೀಪೇಶ್ ಎಂಬ ಯುವ ನಿರ್ದೇಶಕನ ಸಿನಿಮಾದಲ್ಲಿ ನಾಲ್ಕು ಮಹಡಿ ಎತ್ತರದ ಯುದ್ಧಯಂತ್ರವೊಂದು ಕಡಲಿನಿಂದ ಎದ್ದು ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ, ನೋಡಲು ಚಂದವೇ. ಆದರೆ ಮೂಕ. ಅದಕ್ಕೆ ಹೆದರಿಕೆಯ ಶಬ್ದ ಬೇಕು. ದೇಯಿ ಅಂಗಡಿಯ ಶಟರು ಎಳೆದಳು. “ಅಂಗಡಿ ಬಾಗಿಲು ಹಾಕಿದ ಹಾಗೆ ಉಂಟು ಮೇಡಂ.” ಬೋಟಿನ ಬಲೆ ಎಳೆಯುವ ಯಂತ್ರದ ಸದ್ದು ತಂದಳು. “ಮಿಕ್ಸಿ ಹಾಗೆ ಉಂಟು.” ಕಂಕನಾಡಿಗೆ ಹೋಗಿ ಗೂಡ್ಸ್ ರೈಲು ಬ್ರೇಕ್ ಹಾಕುವುದನ್ನು ಹಿಡಿದಳು. “ರೈಲಿನ ಹಾಗೇ ಉಂಟಲ್ಲ?”

“ರೈಲು ರೈಲಿನ ಹಾಗೆ ಇರದೆ ಮತ್ತೆಂತ ಬಸ್ಸಿನ ಹಾಗೆ ಇರ್ತದಾ?” ದೇಯಿಗೆ ಈಗಲೂ ನೆನೆದರೆ ಮೈ ಉರಿಯುತ್ತದೆ. “ಅಲ್ಲ, ನಕ್ಷತ್ರ ದಾಟಿ ಬಂದ ಯಂತ್ರ ಅದು. ಅದಕ್ಕೆ ಎಣ್ಣೆ ಬಿಡ್ಲಿಕ್ಕೆ ಅಲ್ಲಿ ಜನ ಇಲ್ವಾ? ನಿಜವಾಗಿ ಕೊಲ್ಲಲಿಕ್ಕೆ ಬಂದದ್ದು ಸುಮ್ಮನೆ ಬರ್ತದೆ. ಇದು ಯಾಕೆ ಕಿರುಚಬೇಕು? ಅದನ್ನು ಹೇಳು ಅಂದೆ. ಅವನಿಗೂ ಗೊತ್ತಿಲ್ಲ. ‘ಎಲ್ಲ ಸಿನಿಮಾದಲ್ಲೂ ಕಿರುಚ್ತದೆ ಮೇಡಂ’ ಅಂದ.”

ಮೂರು ಶಬ್ದ ತಳ್ಳಿಹಾಕಿದ ಮೇಲೆ ದೀಪೇಶ್ ಶನಿವಾರದವರೆಗೆ ಗಡುವು ಕೊಟ್ಟ. ಆಗದಿದ್ದರೆ ಇಂಟರ್‌ನೆಟ್ಟಿನಲ್ಲಿ ಸಿದ್ಧ ಶಬ್ದ ಸಿಗುತ್ತದೆ. ಹಾಗಾದರೆ ಶಬ್ದದ ಕೋಣೆಯನ್ನು ಪಾಡ್‌ಕಾಸ್ಟಿಗೆ ಬಾಡಿಗೆ ಕೊಡುವುದೇ ಒಳ್ಳೆಯದು ಎಂದು ಡೆನಿಸ್ ಅಂದರು. ಅಂದದ್ದಷ್ಟೇ ಅಲ್ಲ, ಎರಡು ಮೆತ್ತನೆಯ ಕುರ್ಚಿಗಳೂ ಬಂದು, ಪ್ಲಾಸ್ಟಿಕ್ ಬಿಚ್ಚದೆ, ಅವಳ ತೆಂಗಿನ ಗೆರಟೆ, ಒಣ ಮಡಲು, ಹಳೆ ಚಪ್ಪಲಿಗಳ ನಡುವೆ ಕೂತವು. ಹದಿನೇಳು ವರ್ಷದಲ್ಲಿ ಆ ಕೋಣೆಯಲ್ಲಿ ದೇಯಿಗೊಂದು ಕುರ್ಚಿ ಇರಲಿಲ್ಲ.

ಹೆದರಿಕೆ ಅಂದರೆ ಏನೆಂದು ದೇಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕವಳಿದ್ದಾಗ ಸಂಜೆ ಅಂಗಳದಲ್ಲಿ ಅಪ್ಪ ಸೈಕಲ್ ನಿಲ್ಲಿಸುವ ಸದ್ದು ಕೇಳುತ್ತಿತ್ತು. ಸ್ಟ್ಯಾಂಡು ಒಂದೇ ಸಲಕ್ಕೆ ನಿಂತರೆ ಇವತ್ತು ಊಟ ಸುಸೂತ್ರ. ಎರಡು ಸಲ ಜಾರಿದರೆ ಅಮ್ಮ ಒಲೆಯ ಮುಂದೆ ಇನ್ನಷ್ಟು ಸಣ್ಣವಳಾಗುತ್ತಿದ್ದಳು, ಮಕ್ಕಳು ಹಿತ್ತಿಲಿಗೆ ಸರಿಯುತ್ತಿದ್ದರು. ಹೊಡೆತಕ್ಕಿಂತ ದೊಡ್ಡದು ಆ ಎರಡನೆಯ ಕಿರ್ರ್ ಸದ್ದು. “ಯಂತ್ರ ಬಂದಾಗ ಹೆದರಿಕೆ ಅಲ್ಲ,” ಎನ್ನುತ್ತಾಳೆ. “ಬರ್ತಾ ಉಂಟು ಅಂತ ಗೊತ್ತಾಗಿ, ಓಡಲಿಕ್ಕೆ ಜಾಗ ಇಲ್ಲದಾಗ ಹೆದರಿಕೆ. ಅದಕ್ಕೇ ಅದು ಶಬ್ದ ಮಾಡುವುದು. ಸೈಕಲ್ಲಿಗೆ ಅಲ್ಲ ನಾವು ಹೆದರಿದ್ದು. ಸೈಕಲ್ ಹಿಡಿದವನಿಗೆ.”

ಹೇಳುವುದು ಸುಲಭ. ಕಬ್ಬಿಣದ ಒಳಗೆ ಆ ‘ಹಿಡಿದವನನ್ನು’ ಕೂರಿಸುವುದು ಹೇಗೆ? ಐಸ್ ಯಂತ್ರದ ಹಲ್ಲಿನ ಸದ್ದು ಚೆನ್ನಾಗಿತ್ತು, ಆದರೆ ಐದು ಬೆಳಗಿನ ಇಪ್ಪತ್ಮೂರು ಟೇಕುಗಳಲ್ಲಿ ಇಪ್ಪತ್ತೆರಡಕ್ಕೂ ಮಹಾಬಲನ ಬೊಬ್ಬೆ. ಬೊಬ್ಬೆಯಿಲ್ಲದ ಒಂದನ್ನು ಗುರುವಾರ ದೀಪೇಶನಿಗೆ ಕೇಳಿಸಿದಳು. “ಐಸ್‌ಕ್ರೀಮ್ ಮಿಶನ್ನಾ ಮೇಡಂ?”

ಶುಕ್ರವಾರ ಮಧ್ಯಾಹ್ನ ಉಳಿದದ್ದು ಕೆಟ್ಟ ಟೇಕುಗಳು ಮಾತ್ರ. ಬೊಬ್ಬೆ ಎಲ್ಲಿ ಮುಗಿಯುತ್ತದೆಂದು ಸರಿಯಾಗಿ ಕೇಳಿ ಕತ್ತರಿಸೋಣವೆಂದು ದೇಯಿ ಒಂದನ್ನು ಆರು ಪಟ್ಟು ನಿಧಾನ ಮಾಡಿ ಓಡಿಸಿದಳು. ಮೊದಲು ಐಸು ಮುರಿಯುವ ಗುಡುಗು. ಅದರ ಅಡಿಯಿಂದ ಏನೋ ಎದ್ದಿತು. ಬಾಯಿ ಇದ್ದದ್ದು, ಉಸಿರು ಇದ್ದದ್ದು, ಯಾರನ್ನೋ ನೋಡಿ ಕರೆಯುವಂಥದ್ದು. ದೇಯಿ ಕುರ್ಚಿಯ ಪ್ಲಾಸ್ಟಿಕ್ ಹಿಡಿದುಕೊಂಡು ತಿರುಗಿ ಬಾಗಿಲು ನೋಡಿದಳು. ಹಾಕಿಯೇ ಇತ್ತು.

ಶನಿವಾರ ದೀಪೇಶ್ ಮೊಬೈಲು ಒತ್ತುತ್ತಲೇ ಕೂತ. ಪರದೆಯ ಮೇಲೆ ಕಡಲು ಸೀಳಿತು, ಯಂತ್ರ ಎದ್ದಿತು, ಶಬ್ದ ಬಂತು. ಮೊಬೈಲು ಮಡಿಲಿಗೆ ಇಳಿಯಿತು.

“ಇದರ ಒಳಗೆ ಯಾರಿದ್ದಾರೆ?” ಎಂದ.

ಇಷ್ಟು ದಿನ ‘ಅದರ ಹಾಗೆ ಉಂಟು, ಇದರ ಹಾಗೆ ಉಂಟು’ ಎನ್ನುತ್ತಿದ್ದವನು ‘ಯಾರಿದ್ದಾರೆ’ ಎಂದನಲ್ಲ, ದೇಯಿಗೆ ಅಷ್ಟು ಸಾಕಾಯಿತು. ಮರುಕ್ಷಣವೇ ಅವನು “ಸೂಪರ್ ಮೇಡಂ, ಇನ್ನು ಸ್ವಲ್ಪ ಜೋರು ಮಾಡುವನಾ?” ಎಂದು ಶುರು ಮಾಡಿದ.

“ಇಲ್ಲ. ಜೋರು ಮಾಡಿದ್ರೆ ಬರೀ ಗಲಾಟೆ ಆಗ್ತದೆ. ಹೀಗೇ ಇರ್ತದೆ ಇದು.”

ಹದಿನೇಳು ವರ್ಷದಲ್ಲಿ ಅವಳು ಒಬ್ಬ ನಿರ್ದೇಶಕನಿಗೆ ಇಲ್ಲ ಅಂದದ್ದು ಇದೇ ಮೊದಲು. ಶಬ್ದ ಹಾಗೆಯೇ ಉಳಿಯಿತು. ಡೆನಿಸ್ ಒಂದು ಕುರ್ಚಿಯನ್ನು ತಮ್ಮ ಕೋಣೆಗೆ ಒಯ್ದರು. “ಇನ್ನೊಂದು ಇಲ್ಲೇ ಇರಲಿ ದೇಯಕ್ಕ,” ಎಂದರು, ಅವಳ ಮುಖ ನೋಡದೆ.

ಸೋಮವಾರ ಬೆಳಗ್ಗೆ ದೇಯಿ ಮತ್ತೆ ದಕ್ಕೆಯಲ್ಲಿದ್ದಾಳೆ. ಮೀನಿನ ಬುಟ್ಟಿಗಳ ಸದ್ದು ಬೇಕಾಗಿದೆ. ಅದಕ್ಕೆ ಮೊದಲು ಹೆಡ್‌ಫೋನನ್ನು ಮಹಾಬಲನ ತಲೆಗೆ ಹಾಕುತ್ತಾಳೆ. ಅವನು ಕೇಳುತ್ತಾನೆ. ಒಂದು ಹೆಜ್ಜೆ ಹಿಂದೆ ಹೋಗುತ್ತಾನೆ.

“ಅಬ್ಬಾ! ಎಂತ ಪ್ರಾಣಿ ಅಕ್ಕ ಅದು?”

“ನೀವೇ.”

“ನಾನಾ?” ಮಹಾಬಲ ಹೆಡ್‌ಫೋನ್ ತೆಗೆದು ಅದನ್ನೇ ನೋಡುತ್ತಾನೆ. “ನಾನು ಕೈ ತೆಗೀರಿ ಅಂತ ಹೇಳಿದ್ದು ಮಾರಾಯ್ತಿ. ಅಷ್ಟೇ.”

ನಾಚಿಕೊಂಡೋ, ಹೆದರಿಕೊಂಡೋ, ಅವನು ಹೆಡ್‌ಫೋನನ್ನು ಅವಳ ಕೈಗಿಟ್ಟು ಹೋಗಿ ಮುಂದಿನ ಗಡ್ಡೆಗೆ ಭುಜ ಕೊಡುತ್ತಾನೆ. ಗಡ್ಡೆ ಜಾರುತ್ತದೆ. ಬಾಯಿ ತೆರೆಯುತ್ತಾನೆ, ಯಾಕೋ ಅಳುಕಿ ಮುಚ್ಚುತ್ತಾನೆ. ಕೆಳಗೆ ಮಾತಿನಲ್ಲಿ ಮುಳುಗಿದ ಹೆಂಗಸೊಬ್ಬಳ ಕೈ ಸಿಕ್ಕಿಕೊಂಡ ಐಸನ್ನು ತಡಕುತ್ತ ಯಂತ್ರದ ಒಳಗೆ ಏರುತ್ತಿದೆ.

“ಓ...ಯ್!”

ಕೂಗಿದ್ದು ದೇಯಿ. ಕೈ ಹಿಂದೆ ಬರುತ್ತದೆ. ಗಡ್ಡೆ ನುಗ್ಗಿ ನುಚ್ಚಾಗುತ್ತದೆ. ಆ ಹೆಂಗಸು ತಲೆಯೆತ್ತಿ, “ಇದ್ಯಾರ ಗಂಟಲು ಮಾರಾಯ್ರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಐಸು ಬಾಚತೊಡಗುತ್ತಾಳೆ. ಮಹಾಬಲ ಹಣೆ ಒರೆಸಿಕೊಂಡು ಮುಂದಿನ ಗಡ್ಡೆಗೆ ಎರಡರಷ್ಟು ಜೋರಾಗಿ ಕೂಗುತ್ತಾನೆ.

ಬುಟ್ಟಿಗಳ ಸದ್ದಿಗೆಂದು ಒತ್ತಿದ್ದ ದೇಯಿಯ ಕೈಯ ರೆಕಾರ್ಡರಿನಲ್ಲಿ ಕೆಂಪು ದೀಪ ಉರಿಯುತ್ತಲೇ ಇದೆ. ಅಳಿಸಲೆಂದು ಬೆರಳು ಅಭ್ಯಾಸಬಲದಿಂದ ಗುಂಡಿಯ ಮೇಲೆ ಹೋಗುತ್ತದೆ. ಅವಳು ಹೆಡ್‌ಫೋನ್ ಕಿವಿಗೆ ಏರಿಸಿ ಒಮ್ಮೆ ಕೇಳುತ್ತಾಳೆ, ಇನ್ನೊಮ್ಮೆ ಕೇಳುತ್ತಾಳೆ.

“ಇದು ಇರಲಿ,” ಎನ್ನುತ್ತಾಳೆ. “ಇದನ್ನು ನಿಧಾನ ಮಾಡುವುದು ಬೇಡ.”