ಸೂರ್ಯ ಹುಟ್ಟದ ಊರಿನ ಏಕಾದಶಿ

ಆಕಾಶದಲ್ಲಿ ಹಸಿರು ಬೆಳಕು ಕುಣಿಯುವುದನ್ನು ನೋಡಲು ನಾವು ನಾಲ್ವರು ನೈರೋಬಿಯಿಂದ ನಾರ್ವೆಯ ಉತ್ತರ ತುದಿಗೆ ಹೋಗಿದ್ದೆವು. ನಾನು, ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು. ಬೆಳಕು ಕಂಡ ದಿನ ವೈಕುಂಠ ಏಕಾದಶಿ. ಆ ಸಂಗತಿ ನಾಲ್ವರಲ್ಲಿ ಮೂವರಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ; ಮೂವರೂ ಸೇರಿ ಅದನ್ನು ನನ್ನಿಂದ ಮುಚ್ಚಿಟ್ಟಿದ್ದರು. ಈಗ ಬರೆಯಲು ಕುಳಿತರೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಏಕಾದಶಿ ಉಪವಾಸ ನನಗೆ ಭಕ್ತಿಗಿಂತ ಹೆಚ್ಚಾಗಿ ಹಠದಿಂದ ಬಂದದ್ದು. ಮದುವೆಯಾಗಿ ಮೈಸೂರಿನ ಮನೆ ಸೇರಿದ ಹೊಸದರಲ್ಲಿ, ಓದಿದ ಹುಡುಗಿ, ಒಂದು ಹೊತ್ತಿನ ಹಸಿವೂ ತಡೆಯುವುದಿಲ್ಲ ಎಂದು ನನ್ನ ಅತ್ತೆಯವರು ಪಕ್ಕದ ಮನೆಯವರಿಗೆ ಹೇಳಿದ್ದು ಕಿವಿಗೆ ಬಿತ್ತು. ಮುಂದಿನ ಏಕಾದಶಿಯಿಂದಲೇ ಶುರು ಮಾಡಿದೆ. ತೊಟ್ಟು ನೀರೂ ಇಲ್ಲದ ಉಪವಾಸ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಏಕಾದಶಿಯೆಂದು ಒಂದು ಪೀರಿಯಡ್ ಕೂಡ ಬಿಟ್ಟವಳಲ್ಲ. ಅತ್ತೆಯವರು ಹೋದರು, ಯಜಮಾನರು ಹೋದರು, ಸಕ್ಕರೆ ಕಾಯಿಲೆ ಬಂತು, ಹಠ ಮಾತ್ರ ಹಾಗೇ ಉಳಿಯಿತು. ಒಂದು ದ್ವಾದಶಿಯ ಬೆಳಿಗ್ಗೆ ಬಚ್ಚಲುಮನೆಯಲ್ಲಿ ತಲೆ ತಿರುಗಿ ಬಿದ್ದೆ. ಡಾಕ್ಟರು ಬೈದರು. ಮುಂದಿನ ಏಕಾದಶಿಗೆ ಮತ್ತೆ ಉಪವಾಸ ಕೂತೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಎಂದು ಮಗ ಫೋನಿನಲ್ಲಿ ರೇಗಿದ. ನನಗೆ ಹೊಗಳಿಸಿಕೊಂಡಷ್ಟೇ ಖುಷಿಯಾಯಿತು.

ಹಾಗೆ ಬಿದ್ದ ಮೇಲೆಯೇ ಅವನು ನನ್ನನ್ನು ನೈರೋಬಿಗೆ ಕರೆಸಿಕೊಂಡದ್ದು. ಅವನು ಔಷಧ ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರ್, ಸೊಸೆಗೆ ಗಿಗಿರಿ ಬಡಾವಣೆಯ ಒಂದು ಕಚೇರಿಯಲ್ಲಿ ಕೆಲಸ, ಮನೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ. ಮೊಮ್ಮಗಳು ಅಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಆದರೆ ನನ್ನ ಒಂದು ಮಾತನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು. ಏಕಾದಶಿಯ ದಿನ ಶಾಲೆಯಿಂದ ಬಂದವಳೇ ಮೊದಲು ನನ್ನ ಕೋಣೆಗೆ ಬಂದು, ಅಜ್ಜಿ ಕುಳಿತಿದ್ದಾಳೋ ಮಲಗಿದ್ದಾಳೋ ನೋಡಿ ಆಮೇಲೆ ಬ್ಯಾಗು ಇಳಿಸುತ್ತಿದ್ದಳು. ನಾನು ನಕ್ಕು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಪವಾಸದ ಮಹಿಮೆ ಹೇಳುತ್ತಿದ್ದೆ. ವೈಕುಂಠ ಏಕಾದಶಿಯ ದಿನ ದೇವರ ಮನೆಯ ಉತ್ತರದ ಬಾಗಿಲು ತೆರೆಯುತ್ತದೆ, ಅವತ್ತು ಒಂದು ಅಗುಳು ಬಾಯಿಗೆ ಹೋದರೂ ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತಿದ್ದೆ. ಮಕ್ಕಳಿಗೆ ಕಥೆ ಹೇಳುವಾಗ ಸ್ವಲ್ಪ ಉಪ್ಪು ಖಾರ ಹಚ್ಚುವುದು ನನ್ನ ಅಭ್ಯಾಸ. ಅವಳು ಅದನ್ನೆಲ್ಲ ನಿಜವೆಂದೇ ನಂಬಿದ್ದಳು.

ಪಂಚಾಂಗ ಮೈಸೂರಿನಲ್ಲೇ ಉಳಿದಿದ್ದರಿಂದ ತಿಥಿ ತಿಳಿಯಲು ಮಗನ ಕಂಪ್ಯೂಟರೇ ಗತಿ. ಡಿಸೆಂಬರ್ ರಜಕ್ಕೆ ಪ್ರವಾಸ ಗೊತ್ತು ಮಾಡಿ, ದುಡ್ಡು ಕಟ್ಟಿ ಆದ ಮೇಲೆ ಅವನು ತಿಥಿ ನೋಡಿದ. ನಾವು ಬೆಳಕು ನೋಡಲು ಹೊರಡಬೇಕಾಗಿದ್ದ ಶನಿವಾರವೇ ಏಕಾದಶಿ. ಮರುದಿನ ಸೂರ್ಯ ಹುಟ್ಟಿದ ಮೇಲೆಯೇ ನಾನು ಪಾರಣೆ ಮಾಡಿ ಬಾಯಿಗೆ ಅನ್ನ ಇಡುವುದು. ಆ ಊರಿನಲ್ಲೋ ಆ ತಿಂಗಳಿಡೀ ಸೂರ್ಯನೇ ಹುಟ್ಟುವುದಿಲ್ಲ. ನನ್ನ ಹಠ ಬಲ್ಲ ಮಗ ಹೆದರಿದ. ಹೆದರಿ, ಏಕಾದಶಿ ಸೋಮವಾರ ಬರುತ್ತೆ, ಅಷ್ಟು ಹೊತ್ತಿಗೆ ಮನೆ ಸೇರಿರುತ್ತೇವೆ ಎಂದು ನನಗೆ ಹೇಳಿದ. ಹೆಂಡತಿಗೂ ಮಗಳಿಗೂ ಬಾಯಿ ಬಿಡಬೇಡಿ ಎಂದು ಹೇಳಿಕೊಟ್ಟ.

ಸಣ್ಣ ಗುಂಪಿನ ಪ್ರವಾಸ ಅದು. ವ್ಯಾನಿನಲ್ಲಿ ನಮ್ಮ ನಾಲ್ವರ ಜೊತೆ ವಯಸ್ಸಾದ ಇಂಗ್ಲಿಷ್ ದಂಪತಿ, ದೊಡ್ಡ ಕ್ಯಾಮೆರಾ ಹೊತ್ತ ಇಬ್ಬರು ಜರ್ಮನ್ ಯುವಕರು, ಮತ್ತು ಎತ್ತರದ ಆಳಾದ ಗೈಡ್ ಹೆಂಗಸು. ಈ ಬೆಳಕಿನ, ಅಂದರೆ ಮೇರುಜ್ಯೋತಿಯ ಪಾಠವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಎಷ್ಟೋ ಮಕ್ಕಳಿಗೆ ಕಲಿಸಿದವಳಲ್ಲವೇ ನಾನು, ಗೈಡ್ ವಿವರಿಸುತ್ತಿದ್ದಾಗ ನಡುವೆ ಬಾಯಿ ಹಾಕಿ ಒಂದೆರಡು ಕಡೆ ತಿದ್ದಿದೆ. ಅವಳು ಸೌಜನ್ಯದಿಂದ ತಲೆಯಾಡಿಸಿದಳು. ಮಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಊರ ಹೊರಗೆ ವ್ಯಾನು ನಿಂತಿತು. ಗೈಡ್ ಎಲ್ಲರಿಗೂ ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡಾಗಿ ಹೊಲಿದ ದಪ್ಪ ಉಡುಪು ಕೊಟ್ಟಳು. ಸೀರೆ ಬಿಚ್ಚುವುದಿಲ್ಲ ಎಂದೆ. ಒಳಗೆ ಉಣ್ಣೆಯ ಬಟ್ಟೆ, ಮೇಲೆ ಸೀರೆ, ಅದರ ಮೇಲೆ ಈ ಚೀಲ. ಹೊಟ್ಟೆಯ ಹತ್ತಿರ ಬಂದು ಜಿಪ್ಪು ನಿಂತುಬಿಟ್ಟಿತು. ಸೊಸೆ ಮಂಡಿಯೂರಿ ಎಳೆದಳು, ಗೈಡ್ ನೆರಿಗೆಯನ್ನು ಒಳಕ್ಕೆ ಒತ್ತಿದಳು, ಹಾಸಿಗೆ ಕಟ್ಟುವ ಹಾಗೆ ಇಬ್ಬರೂ ಸೇರಿ ನನ್ನನ್ನು ಕಟ್ಟಿದರು. ಆ ಯುವಕರು ನಗು ತಡೆದುಕೊಂಡದ್ದು ಕಂಡಿತು. ಅವಮಾನದಿಂದ ಆ ಚಳಿಯಲ್ಲೂ ಮೈ ಉರಿಯಿತು. ಸಿಟ್ಟು ಬಂದರೆ ಅದನ್ನು ಎಲ್ಲಾದರೂ ಇಳಿಸದೆ ನನಗೆ ಸಮಾಧಾನವಿಲ್ಲ.

ಹೊತ್ತು ಇನ್ನೂ ಸಂಜೆಯೇ, ಆದರೆ ಕತ್ತಲು ಮಧ್ಯಾಹ್ನದಿಂದಲೇ ಇತ್ತು. ಹಿಮದ ಮೇಲೆ ಹಾಕಿದ ಗುಡಾರದೊಳಗೆ ಬೆಂಕಿಯ ಸುತ್ತ ಕುಳಿತೆವು. ಹೊಟ್ಟೆ ತುಂಬಿದ್ದರೆ ಮಾತ್ರ ಮೈ ಬೆಚ್ಚಗಿರುತ್ತದೆ, ತಿಂದವರನ್ನಷ್ಟೇ ಹೊರಗೆ ಬಿಡುವುದು ಎಂದಳು ಗೈಡ್. ನಮಗೆಂದೇ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಹಾಕಿ ಸೂಪು ಮಾಡಿದ್ದಳು. ಮೆಣಸು ಸಾಲದು ಎಂಬುದನ್ನು ಬಿಟ್ಟರೆ ರುಚಿಯಾಗಿತ್ತು. ಒಂದು ಬಟ್ಟಲು ಕುಡಿದು ಇನ್ನೊಂದು ಹಾಕಿಸಿಕೊಂಡೆ. ಮಗ ಬೆಂಕಿಯನ್ನೇ ನೋಡುತ್ತ ಕುಳಿತಿದ್ದ.

ಮೊಮ್ಮಗಳು ಬಟ್ಟಲು ಮುಟ್ಟಲಿಲ್ಲ. ಹೋಟೆಲಿನಲ್ಲೂ ಬೆಳಗಿನಿಂದ ಏನೂ ತಿಂದಿರಲಿಲ್ಲ; ಹೊಟ್ಟೆ ಸರಿಯಿಲ್ಲ ಎಂದು ತಾಯಿಗೆ ಹೇಳಿದ್ದಳಂತೆ. ಗೈಡ್ ಮತ್ತೆ ಮತ್ತೆ ಕೇಳಿದಳು, ಬ್ರೆಡ್ಡು ಕೊಟ್ಟಳು, ಬಿಸ್ಕತ್ತು ಕೊಟ್ಟಳು. ಹುಡುಗಿ ಎಲ್ಲಕ್ಕೂ ನೋ ಥ್ಯಾಂಕ್ಯೂ. ಇಂಗ್ಲಿಷ್ ಹೆಂಗಸು ಅಯ್ಯೋ ಪಾಪ ಎನ್ನುವ ಮುಖ ಮಾಡಿದಳು. ಅಷ್ಟು ಸಾಕಾಯಿತು. ನಮಗೆಂದು ಕಷ್ಟಪಟ್ಟು ಬೇರೆ ಅಡುಗೆ ಮಾಡಿದವಳ ಮುಂದೆ ನನ್ನ ಮೊಮ್ಮಗಳು ನನ್ನ ಮರ್ಯಾದೆ ತೆಗೆಯುತ್ತಿದ್ದಾಳೆ ಎನ್ನಿಸಿತು. ಜಿಪ್ಪಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಎಲ್ಲರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೇ ಬೈದೆ. ಮುದ್ದು ಮಾಡಿ ಕೆಡಿಸಿದ ಮಗು, ಅನ್ನದ ಬೆಲೆ ಗೊತ್ತಿಲ್ಲ, ಹಸಿವು ಎಂದರೇನೆಂದು ಗೊತ್ತಿಲ್ಲ ಎಂದೆಲ್ಲ ಹೇಳಿದೆ. ಅವಳು ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಮಗ, ಬಿಡಮ್ಮ, ಹಸಿವಿಲ್ಲದಿದ್ದರೆ ಬೇಡ ಎಂದು ಮೆತ್ತಗೆ ಹೇಳಿದ. ನಾನು ಬಿಡಲಿಲ್ಲ.

“ತಿನ್ನು. ನೀನು ತಿನ್ನೋವರ್ಗೂ ನಾನಿಲ್ಲಿಂದ ಏಳಲ್ಲ” ಅಂದೆ, ಈ ಸಲ ಕನ್ನಡದಲ್ಲಿ.

ಅವಳು ಬಟ್ಟಲು ತೆಗೆದುಕೊಂಡಳು. ಕಣ್ಣೀರು ಇಳಿಯುತ್ತಿತ್ತು, ಸದ್ದಿಲ್ಲದೆ ಒಂದೊಂದೇ ಚಮಚ ನುಂಗಿದಳು. ಆಮೇಲೆ ಬಿಸ್ಕತ್ತನ್ನೂ ತಿನ್ನಿಸಿದೆ. ಶಿಸ್ತು ಕಲಿಸಿದ ತೃಪ್ತಿಯಲ್ಲಿ ಸುತ್ತ ಕುಳಿತವರನ್ನು ಒಮ್ಮೆ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಬೆಳಕು ಬಂತು. ಮೊದಲು ಮೋಡದ ಹಾಗೆ ಮಸುಕಾಗಿ, ಆಮೇಲೆ ಉತ್ತರದ ಬೆಟ್ಟದ ಮೇಲಿಂದ ಹಸಿರಾಗಿ ಎದ್ದು ನೆತ್ತಿಯವರೆಗೆ ಹರಡಿತು. ಪಾಠ ಮಾಡಿದ್ದೆಲ್ಲ ಮರೆತು ಕೈಮುಗಿದೆ. ಮೊಮ್ಮಗಳನ್ನು ಹತ್ತಿರಕ್ಕೆಳೆದು, ನೋಡು, ಉತ್ತರದ ಬಾಗಿಲು ತೆರೆದ ಹಾಗಿದೆ, ಇವತ್ತೇ ಏಕಾದಶಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಚಂದ್ರನ ಬೆಳಕು ಜಾಸ್ತಿಯಾಯಿತು ಎಂದು ಗೈಡ್ ಗೊಣಗುತ್ತಿದ್ದಳು. ನಾನೂ ಚಂದ್ರನನ್ನು ನೋಡಿದೆ. ಮಗ ಹೇಳಿದ ಲೆಕ್ಕಕ್ಕೆ ಅವತ್ತು ನವಮಿ; ನವಮಿಯ ಚಂದ್ರನಿಗೆ ಅಷ್ಟು ಹೊಟ್ಟೆ ಇರುವುದಿಲ್ಲ. ಜನ್ಮವಿಡೀ ತಿಥಿ ಹಿಡಿದು ಬದುಕಿದವಳಿಗೆ, ಅದೂ ಭೂಗೋಳದ ಮೇಡಂಗೆ, ಅದು ಹೊಳೆಯಲಿಲ್ಲ.

ಸೋಮವಾರ ಬೆಳಗಿನ ಜಾವ ನೈರೋಬಿಯ ಎಂಬಕಸಿ ನಿಲ್ದಾಣದಲ್ಲಿ ವಿಮಾನ ಇಳಿಯಿತು. ಮನೆಗೆ ಬಂದು ಸ್ನಾನ ಮಾಡಿ, ದ್ವಾದಶಿಯೂ ಕಳೆದುಹೋದ ದಿನ ಭಕ್ತಿಯಿಂದ ಏಕಾದಶಿ ಉಪವಾಸ ಮಾಡಿದೆ. ಮನೆಗೆಲಸದವಳು ನನ್ನ ಬಾಡಿದ ಮುಖ ನೋಡಿ “ಪೋಲೆ, ಮಾಮಾ”, ಅಯ್ಯೋ ಪಾಪ ಅಮ್ಮಾ, ಎಂದು ತನ್ನ ಸ್ವಾಹಿಲಿಯಲ್ಲಿ ಮರುಗಿದಳು. ಮಗ ಸೊಸೆ ನೋಡಿಯೂ ನೋಡದ ಹಾಗೆ ಓಡಾಡಿಕೊಂಡಿದ್ದರು.

ಆ ವಾರ ಕನ್ನಡದ ಹೆಂಗಸರ ಭಜನೆ ಒಬ್ಬ ಡಾಕ್ಟರ ಮನೆಯಲ್ಲಿತ್ತು. ಡಾಕ್ಟರ ಹೆಂಡತಿ ಉಡುಪಿ ಕಡೆಯವರು, ಆಚಾರದಲ್ಲಿ ನನಗಿಂತ ಒಂದು ಕೈ ಮೇಲು. ಪ್ರಸಾದ ಹಂಚುವಾಗ ಎಲ್ಲರೂ ಪ್ರವಾಸದ ವಿಷಯ ಕೇಳಿದರು. ನನಗೆ ಅಷ್ಟೇ ಬೇಕಾಗಿತ್ತು. ವ್ಯಾನು, ಹಿಮ, ಗುಡಾರ, ಎರಡು ಬಟ್ಟಲು ಬಿಸಿ ಸೂಪು, ಆಮೇಲೆ ಉತ್ತರದ ಬಾಗಿಲು ತೆರೆದ ಹಾಗೆ ಬೆಳಕು ಎಂದು ಕೈ ಆಡಿಸಿ ವರ್ಣಿಸಿದೆ. ಯಾವ ದಿನ ಎಂದು ಯಾರೋ ಕೇಳಿದರು. ಶನಿವಾರ ಎಂದೆ.

“ಶನಿವಾರವಾ? ಶನಿವಾರ ಏಕಾದಶಿ ಅಲ್ವಾ ಮಾರಾಯ್ರೆ?” ಎಂದರು ಡಾಕ್ಟರ ಹೆಂಡತಿ.

ಅವರು ಚುಚ್ಚಬೇಕೆಂದು ಹೇಳಿದ್ದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಸ್ಮಾರ್ತರಿಗೆ ಬೇರೆ ದಿನ ಬಂದಿರಬಹುದು ಎಂದು ಒಬ್ಬರು ನನ್ನ ಮಾನ ಉಳಿಸಲು ನೋಡಿದರು. ಸ್ಮಾರ್ತರಿಗೂ ವೈಷ್ಣವರಿಗೂ ಒಂದು ದಿನ ಹಿಂದೆ ಮುಂದೆ ಆಗುವುದುಂಟು, ಎರಡು ದಿನ ಆಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೈಯಲ್ಲಿದ್ದ ಅವಲಕ್ಕಿಯನ್ನು ಏನು ಮಾಡಬೇಕೆಂದು ತೋಚಲಿಲ್ಲ. ಎರಡು ಬಟ್ಟಲು ಎಂದು ಯಾಕಾದರೂ ಹೇಳಿದೆನೋ ಎಂದು ನಾಲಿಗೆ ಕಚ್ಚಿಕೊಂಡೆ.

ಮನೆಗೆ ಮರಳುವ ದಾರಿಯುದ್ದಕ್ಕೂ ಮಟಾಟು ಎನ್ನುವ ಬಾಡಿಗೆ ವ್ಯಾನುಗಳು ಅಡ್ಡಡ್ಡ ನುಗ್ಗುತ್ತಿದ್ದವು, ಡ್ರೈವರ್ ಅವಕ್ಕೆ ಬೈಯುತ್ತಿದ್ದ, ನಾನು ಮನಸ್ಸಿನಲ್ಲಿ ಮಗನಿಗೆ ಬೈಯುತ್ತಿದ್ದೆ. ಸಂಜೆ ಅವನು ಬಾಗಿಲೊಳಗೆ ಕಾಲಿಟ್ಟ ಕೂಡಲೇ ಹಿಡಿದುಕೊಂಡೆ. ಹೆತ್ತ ತಾಯಿಗೆ ಸುಳ್ಳು ಹೇಳಿ ವ್ರತ ಕೆಡಿಸಿದೆ, ಊರವರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದೆ ಎಂದೆ. ಅವನು ಷೂ ಕೂಡ ಬಿಚ್ಚದೆ ನಿಂತೇ ಕೇಳಿಸಿಕೊಂಡ.

“ಅಲ್ಲಿ ಸೂರ್ಯನೇ ಹುಟ್ಟಲ್ವಲ್ಲಮ್ಮ. ನೀನು ಪಾರಣೆ ಯಾವಾಗ ಮಾಡ್ತಿದ್ದೆ ಹೇಳು? ಆ ಚಳೀಲಿ ಬಿದ್ದಿದ್ರೆ ನಾನೇನು ಮಾಡ್ಬೇಕಿತ್ತು? ನಿಜ ಹೇಳಿದ್ರೆ ನೀನು ಕೇಳ್ತಿದ್ಯಾ?”

ಕೇಳುತ್ತಿರಲಿಲ್ಲ. ಅದು ನನಗೂ ಗೊತ್ತಿದ್ದದ್ದರಿಂದ ಇನ್ನೂ ಜೋರಾಗಿ ಕೂಗಾಡಿದೆ. ಈ ಮನೆಯಲ್ಲಿ ನನ್ನ ವ್ರತದ ಬಗ್ಗೆ ಕಾಳಜಿ ಇರುವವರು ಒಬ್ಬರೂ ಇಲ್ಲ ಎಂದೆ. ಸೊಸೆ ಅಡುಗೆಮನೆಯಿಂದ ಬಂದಳು. ಎದುರು ಮಾತಾಡಿದವಳಲ್ಲ ಅವಳು. ಅವತ್ತೂ ದನಿ ಏರಿಸಲಿಲ್ಲ.

“ಒಬ್ಳು ಇದ್ಳು ಅತ್ತೆ. ಅಜ್ಜಿದು ಎಲ್ಲಾ ವೇಸ್ಟ್ ಆಗ್ಬಾರ್ದು ಅಂತ ನಿಮ್ಮ ಬದ್ಲು ಅವಳು ಉಪವಾಸ ಇದ್ಳು. ನಮಗೂ ಮಲಗೋವಾಗ್ಲೇ ಹೇಳಿದ್ದು. ಅಷ್ಟೊತ್ತಿಗೆ ನೀವು ತಿನ್ಸಿ ಆಗಿತ್ತು.”

ಶುಕ್ರವಾರ ರಾತ್ರಿಯಿಂದ ಏನೂ ತಿನ್ನದೆ, ನೀರನ್ನೂ ಕುಡಿಯದೆ, ಆ ಮಗು ಹಿಮದಲ್ಲಿ ನನ್ನ ಪಕ್ಕ ನಡೆದಿತ್ತು. ನಿಜ ಹೇಳಿದರೆ ಅಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ, ತಿಂದರೆ ಅಜ್ಜಿಯ ವ್ರತ ಹೋಗುತ್ತದೆ. ಅಂಥ ಇಕ್ಕಟ್ಟಿನಲ್ಲಿ ಅದು ಕುಳಿತಿದ್ದಾಗ, ಹಸಿವೆಂದರೇನೆಂದು ಗೊತ್ತಿಲ್ಲ ಎಂದು ಪರದೇಶದವರ ಮುಂದೆ ಬೈದಿದ್ದೆ. ಸೂಪು ಕುಡಿದು ನನ್ನ ಉಪವಾಸವನ್ನು ನಾನು ತಿಳಿಯದೆ ಕೆಡಿಸಿಕೊಂಡೆ, ಅದು ಇರಲಿ. ನನಗಾಗಿ ಹಿಡಿದಿದ್ದ ಇನ್ನೊಂದು ಉಪವಾಸವನ್ನು ಕಣ್ಣು ಕೆಂಪಗೆ ಮಾಡಿ, ಚಮಚ ಚಮಚವಾಗಿ ಕೆಡಿಸಿದೆ. ನನ್ನ ಅತ್ತೆಯವರು ನನ್ನ ಬಗ್ಗೆ ಆಡಿದ್ದೂ ಹೆಚ್ಚು ಕಡಿಮೆ ಅದೇ ಹಸಿವಿನ ಮಾತು. ಆ ಮಾತಿಗೆ ನಾನು ಒಂದು ಆಯುಷ್ಯವಿಡೀ ಹಠ ಹಿಡಿದೆ. ಈ ಹುಡುಗಿ ಅತ್ತು, ತಿಂದು, ಬೆಳಕು ಬಂದಾಗ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು. ನಾಚಿಕೆಯಾಯಿತು ಎಂದರೆ ಕಡಿಮೆಯಾಗುತ್ತದೆ. ಆ ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಎಲ್ಲಾದರೂ ಹೋಗಿ ಕೂರೋಣ ಎನ್ನಿಸಿತು.

ದೊಡ್ಡವರು ಮಕ್ಕಳ ಕ್ಷಮೆ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಹೇಗೆ ಕೇಳಬೇಕೆಂದೂ ನನಗೆ ತಿಳಿಯದು. ಅವಳ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕುಳಿತೆ. ಅವಳು ಯಾವುದೋ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅವತ್ತು ನಿನಗೆ ಬೈದದ್ದು ನನ್ನ ತಪ್ಪು ಎಂದೆ.

“ಇಟ್ಸ್ ಓಕೆ, ಅಜ್ಜಿ” ಎಂದಳು. ಬಣ್ಣದ ಪೆನ್ಸಿಲ್ ಕೆಳಗಿಟ್ಟು, ತಪ್ಪೊಪ್ಪಿಕೊಳ್ಳುವ ಹಾಗೆ ಮೆತ್ತಗೆ, “ಐ ವಾಸ್ ರಿಯಲಿ ಹಂಗ್ರಿ” ಎಂದಳು.

ಅವಳಿಗೂ ನಾಚಿಕೆಯಾಗಿತ್ತು. ಆ ಬಿಸ್ಕತ್ತು ರುಚಿಯಾಗಿತ್ತಲ್ಲ ಎಂಬ ನಾಚಿಕೆ. ಹನ್ನೊಂದು ವರ್ಷದ ಮಗುವಿಗೆ ಹಸಿವಿನ ಬಗ್ಗೆ ನಾಚಿಕೆಪಡುವುದನ್ನು ನಾನು ಕಲಿಸಿಬಿಟ್ಟಿದ್ದೆ.

ಮುಂದಿನ ಏಕಾದಶಿ ಯಾವತ್ತು ಎಂದು ಡಾಕ್ಟರ ಹೆಂಡತಿಗೆ ಫೋನ್ ಮಾಡಿ ನಾನೇ ಕೇಳಿಕೊಂಡೆ. ಅವತ್ತು ಬೆಳಿಗ್ಗೆ ಮಾತ್ರೆ ನುಂಗಿ ಮೇಜಿನ ಹತ್ತಿರ ಬಂದಾಗ ಸೊಸೆ ಇಡ್ಲಿ ಇಳಿಸುತ್ತಿದ್ದಳು. ಮೊಮ್ಮಗಳು ತಟ್ಟೆಯ ಮುಂದೆ ಕುಳಿತಿದ್ದಳು, ಇಡ್ಲಿ ಮುಟ್ಟಿರಲಿಲ್ಲ. ಅವಳಿಗೂ ತಿಥಿ ಗೊತ್ತಿತ್ತು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೊಂದು ತಟ್ಟೆ ಹಾಕು ಎಂದು ಸೊಸೆಗೆ ಹೇಳಿದೆ. ಅವಳು ಗಂಡನ ಮುಖ ನೋಡಿದಳು. ಇಡ್ಲಿ ಮುರಿದು ಬಾಯಿಗಿಟ್ಟುಕೊಂಡೆ. ನಾನು ನುಂಗಿದ್ದನ್ನು ನೋಡಿ, ಆಮೇಲೆ ಮೊಮ್ಮಗಳು ತಿನ್ನಲು ಶುರು ಮಾಡಿದಳು.